ಪುರಸಭೆಯವರು ಬಾಗಿಲು ಹಾಕಿಕೊಂಡು ಸಭೆ ನಡೆಸಬಹುದೇ?

ಮಂಡ್ಯ ಜಿಲ್ಲೆಯ ನಿಮ್ಮ ಪಟ್ಟಣದಲ್ಲಿ ಅಂಗಡಿ ಮಳಿಗೆಗಳ ಹರಾಜಿನ ಚರ್ಚೆ ಕೇಳಲು ಹೋದ ನಿಮ್ಮನ್ನು ಪುರಸಭೆ ಸಭಾಂಗಣದ ಬಾಗಿಲಲ್ಲೇ ತಡೆದರು. ಹಾಗೆ ಮಾಡಿದರೆ ಕ್ಯಾಲಿಫೋರ್ನಿಯಾದಲ್ಲಿ ಕೋರ್ಟಿಗೆ ಎಳೆಯಬಹುದು ಎಂದು ಅಲ್ಲಿರುವ ಮಗಳು ಹೇಳಿದ್ದಾಳೆ, ಇಲ್ಲಿಯೂ ಅಂಥ ಕಾನೂನಿದೆಯೇ ಎಂದು ಕೇಳಿದ್ದೀರಿ.

ಮಗಳ ಮಾತು ನಿಜ. ಸ್ಥಳೀಯ ಸಂಸ್ಥೆಗಳ ಸಭೆ ಜನರಿಗೆ ಮುಕ್ತವಾಗಿರಬೇಕು ಎನ್ನುವ ಬ್ರೌನ್ ಕಾಯ್ದೆ ಅಲ್ಲಿ 1953ರಿಂದ ಇದೆ. ಸಾಮಾನ್ಯ ಸಭೆಯ ಕಾರ್ಯಸೂಚಿಯನ್ನು 72 ಗಂಟೆ ಮೊದಲೇ ಅಂಟಿಸಬೇಕು. ಅದರಲ್ಲಿಲ್ಲದ ವಿಷಯವನ್ನು, ಕೆಲವು ವಿನಾಯಿತಿ ಬಿಟ್ಟರೆ, ಎತ್ತಿಕೊಳ್ಳುವಂತಿಲ್ಲ. ಬಾಗಿಲು ಹಾಕಲು ಅಲ್ಲಿಯೂ ಅವಕಾಶವಿದೆ. ಆದರೆ ನ್ಯಾಯಾಲಯದಲ್ಲಿರುವ ದಾವೆ, ನೌಕರರ ಶಿಸ್ತುಕ್ರಮ, ಜಮೀನಿನ ದರದ ಮಾತುಕತೆ ಎಂದು ಕಾನೂನೇ ಹೆಸರಿಸಿದ ಕಾರಣಗಳಿಗೆ ಮಾತ್ರ, ಅದೂ ಕಾರಣವನ್ನು ಮೊದಲು ಬಹಿರಂಗವಾಗಿ ಹೇಳಿ. ಬಹುಮತದಷ್ಟು ಸದಸ್ಯರು ಒಬ್ಬರಿಂದ ಒಬ್ಬರಿಗೆ ಫೋನಿನಲ್ಲಿ ಮಾತು ದಾಟಿಸಿ ಹೊರಗೇ ವಿಷಯ ಇತ್ಯರ್ಥ ಮಾಡಿಕೊಳ್ಳುವುದನ್ನೂ ಅದು ನಿಷೇಧಿಸುತ್ತದೆ. ಆ ನಿಯಮವನ್ನು ನಮ್ಮ ಕಡೆ ತಂದರೆ ಸಭೆಯ ಹಿಂದಿನ ದಿನ ಹೋಟೆಲುಗಳಲ್ಲಿ ಕಾಫಿ ಕುಡಿಯುವವರೇ ಇರಲಿಕ್ಕಿಲ್ಲ.

ನಮ್ಮಲ್ಲಿ ಸಭೆಗಳಿಗೆಂದೇ ಅಂಥ ಪ್ರತ್ಯೇಕ ಕಾಯ್ದೆ ಇಲ್ಲ. ಪುರಸಭೆ, ನಗರಸಭೆಗಳಿಗೆ 1964ರ ಅಧಿನಿಯಮ, ಮಹಾನಗರ ಪಾಲಿಕೆಗೆ 1976ರದ್ದು, ಪಂಚಾಯಿತಿಗಳಿಗೆ 1993ರದ್ದು. ಇವುಗಳ ಜೊತೆಗೆ ನಿಮಗೆ ನಿಜವಾಗಿ ಕೈಗೆ ಬರುವ ಆಯುಧ 2005ರ ಮಾಹಿತಿ ಹಕ್ಕು ಕಾಯ್ದೆ. ಅದರ 4(1)(ಬಿ) ಪ್ರಕಾರ ಪ್ರತಿ ಸಾರ್ವಜನಿಕ ಪ್ರಾಧಿಕಾರವೂ ತನ್ನ ಮಂಡಳಿ, ಸಮಿತಿಗಳ ಸಭೆಗಳು ಜನರಿಗೆ ಮುಕ್ತವೇ, ನಡವಳಿ, ಅಂದರೆ ಸಭೆಯಲ್ಲಿ ನಡೆದದ್ದರ ದಾಖಲೆ, ಜನರಿಗೆ ಸಿಗುತ್ತದೆಯೇ ಎಂಬುದನ್ನು ಬರೆದು ಪ್ರಕಟಿಸಬೇಕು. ಬಾಗಿಲು ತೆರೆಯಿರಿ ಎಂದು ಈ ಕಲಮು ಆಜ್ಞಾಪಿಸುವುದಿಲ್ಲ, ನಿಜ. ಆದರೆ ‘ಮುಕ್ತ’ ಎಂದು ಬರೆದುಕೊಂಡವರು ನಿಮ್ಮನ್ನು ತಡೆದಿದ್ದರೆ ಉತ್ತರ ಕೊಡಬೇಕಾದವರು ಅವರೇ.

ಗ್ರಾಮಸಭೆಯ ಮಾತು ಬೇರೆ. ಅಲ್ಲಿ ಮತದಾರರೇ ಸದಸ್ಯರು. ಹೊರಗೆ ಹೋಗಿ ಎನ್ನಲು ಯಾರಿಗೂ ಬರುವುದಿಲ್ಲ.

ನಾನು ಇಂಥದೇ ಒಂದು ಕಚೇರಿಯಲ್ಲಿ ಸಭೆಯ ನಡವಳಿ ಬರೆಯುತ್ತಿದ್ದವನು. ಬಾಗಿಲಿನ ಬಗ್ಗೆ ನಿಮಗಿರುವಷ್ಟು ಸಿಟ್ಟು ನನಗಿಲ್ಲ. ತೆರೆದ ಬಾಗಿಲಿನ ಸಭೆಯಲ್ಲೇ ಹತ್ತಾರು ವಿಷಯಗಳು ‘ಓದಲಾಯಿತು, ಸರ್ವಾನುಮತದಿಂದ ಒಪ್ಪಲಾಯಿತು’ ಎಂದು ಮುಗಿದುಹೋಗುತ್ತವೆ. ಕಣ್ಣಿಡಬೇಕಾದದ್ದು ಕಾರ್ಯಸೂಚಿಯ ಕೊನೆಯ ಸಾಲಿನ ಮೇಲೆ: ‘ಅಧ್ಯಕ್ಷರ ಅಪ್ಪಣೆ ಮೇರೆಗೆ ಬರುವ ಇತರೆ ವಿಷಯಗಳು’. ಮುಂಚಿತವಾಗಿ ಯಾರಿಗೂ ತಿಳಿಯಬಾರದ್ದು ಒಳಗೆ ಬರುವುದು ಆ ಕಿಂಡಿಯಿಂದ. ಮೈಸೂರು ಪಾಲಿಕೆಯಲ್ಲಿ 2023ರ ನವೆಂಬರಿನಲ್ಲಿ ಚುನಾಯಿತರ ಅವಧಿ ಮುಗಿದು ಆಡಳಿತಾಧಿಕಾರಿ ಬಂದ ಮೇಲಂತೂ ಕೌನ್ಸಿಲ್ ಸಭೆಯೇ ಇಲ್ಲವಾಯಿತು. ಅಂಥ ಕಡೆ ಕಡತ ನೋಡದೆ ಗತ್ಯಂತರವಿಲ್ಲ.

ಆದ್ದರಿಂದ ಹತ್ತು ರೂಪಾಯಿ ಪೋಸ್ಟಲ್ ಆರ್ಡರ್ ಲಗತ್ತಿಸಿ ಪುರಸಭೆಗೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಕರ್ನಾಟಕದ ನಿಯಮದಂತೆ ಒಂದೇ ವಿಷಯ, ಸುಮಾರು 150 ಪದಗಳೊಳಗೆ. ‘ನನ್ನನ್ನು ಏಕೆ ಬಿಡಲಿಲ್ಲ’ ಎಂದು ಕೇಳಬೇಡಿ. ಕಡತದಲ್ಲಿ ಇಲ್ಲದ ಕಾರಣಕ್ಕೆ ಉತ್ತರ ಕೊಡುವ ಹೊಣೆ ಅವರಿಗಿಲ್ಲ. ಆ ದಿನದ ಸಭಾ ತಿಳುವಳಿಕೆ ಪತ್ರ, ಕಾರ್ಯಸೂಚಿ, ನಡವಳಿ, ಸಾರ್ವಜನಿಕರನ್ನು ಹೊರಗಿಡಲು ಮಾಡಿದ ಆದೇಶ, ಇವುಗಳ ದೃಢೀಕೃತ ಪ್ರತಿ ಕೇಳಿ. ಆದೇಶವೇ ಇಲ್ಲ ಎಂದು ಉತ್ತರ ಬಂದರೆ ಅದನ್ನೂ ಜೋಪಾನವಾಗಿಡಿ. ‘ಗೌಪ್ಯ’ ಎಂದರೆ ಗೌಪ್ಯ ಭಾಗವನ್ನು ಮರೆಮಾಡಿ ಉಳಿದದ್ದನ್ನು ಕೊಡಿ ಎಂದು ಅದೇ ಕಾಯ್ದೆಯ 10ನೇ ಕಲಮನ್ನು ತೋರಿಸಿ. 30 ದಿನದಲ್ಲಿ ಉತ್ತರ ಬರದಿದ್ದರೆ ಮುಂದಿನ 30 ದಿನದೊಳಗೆ ಪ್ರಥಮ ಮೇಲ್ಮನವಿ ಸಲ್ಲಿಸಿ.

ಪ್ರತಿಗಳು ಬಂದ ಮೇಲೆ ಕಾರ್ಯಸೂಚಿಯನ್ನೂ ನಡವಳಿಯನ್ನೂ ಅಕ್ಕಪಕ್ಕ ಇಟ್ಟು ಓದಿ. ಮಳಿಗೆಯ ವಿಷಯ ಮೊದಲನೆಯದರಲ್ಲಿ ಇಲ್ಲದೆ ಎರಡನೆಯದರಲ್ಲಿ ಮಾತ್ರ ಇದ್ದರೆ ಎರಡನ್ನೂ ಲಗತ್ತಿಸಿ ಜಿಲ್ಲಾಧಿಕಾರಿಗೆ ದೂರು ಕೊಡಿ. ಕಾನೂನಿಗೆ ವಿರುದ್ಧವಾದ ನಿರ್ಣಯವನ್ನು ತಡೆಹಿಡಿಯುವ ಅಧಿಕಾರ ಅವರಿಗಿದೆ. ಹರಾಜು ಮುಗಿದು ಕರಾರು ಆಗುವ ಮೊದಲೇ ಹೋಗಿ.