ಕೊನೆಯ ಮೂರು ಅಧ್ಯಾಯ ಯಾವಾಗ ಬರೆಯುವುದು?

ಕಾದಂಬರಿಯ ಕೊನೆಯ ಮೂರು ಅಧ್ಯಾಯ ಬಾಕಿ ಇದೆ, ಆಫೀಸು, ಲೋಕಲ್ ಟ್ರೈನ್ ನಡುವೆ ಬರೆಯುವುದು ಯಾವಾಗ ಅಂತ ಕೇಳಿದ್ದೀರಿ. ನಾನೂ ಮುಂಬೈ ಪಕ್ಕದ ಡೊಂಬಿವಲಿಯವನೇ. ಹೋದ ವರ್ಷ ಇದೇ ಸ್ಥಿತಿಯಲ್ಲಿದ್ದೆ.

ರಾತ್ರಿ ಬರೆಯುವುದನ್ನು ಬಿಟ್ಟುಬಿಡಿ. ಸಿಎಸ್‌ಎಂಟಿ ಸ್ಟೇಷನ್ನಿನಿಂದ ಟ್ರೈನಿನಲ್ಲಿ ನಿಂತುಕೊಂಡೇ ಬಂದ ಮೇಲೆ ತಲೆ ಓಡುವುದಿಲ್ಲ. ಬೆಳಿಗ್ಗೆ ನಲ್ಲಿ ನೀರು ಬರುವ ಹೊತ್ತಿಗೆ ಹೇಗೂ ಏಳುತ್ತೇವೆ ಅಲ್ವಾ? ಡ್ರಮ್ಮು ತುಂಬುವಷ್ಟರಲ್ಲಿ ಅಡುಗೆಮನೆ ಕಟ್ಟೆಯ ಮೇಲೆ ಒಂದು ಪುಟ ಬರೆಯುತ್ತಿದ್ದೆ. ಒಂದೇ ಪುಟ. ವಾಕ್ಯ ಅರ್ಧದಲ್ಲಿರುವಾಗಲೇ ಪೆನ್ನು ಮುಚ್ಚುತ್ತಿದ್ದೆ. ಹಾಗಾಗಿ ಮರುದಿನ ಎಲ್ಲಿಂದ ಶುರು ಮಾಡಲಿ ಅಂತ ಸುಮ್ನೆ ಕೂರಬೇಕಾಗುತ್ತಿರಲಿಲ್ಲ.

ಟ್ರೈನಿನಲ್ಲಿ ಬರೆಯಲು ಹೋಗಬೇಡಿ, ಕೈ ಆಡಿಸಲೂ ಜಾಗ ಇರುವುದಿಲ್ಲ. ಆ ಹೊತ್ತಿನಲ್ಲಿ ಪಾತ್ರಗಳ ಮಾತನ್ನು ಮನಸ್ಸಿನಲ್ಲೇ ಆಡಿಸಿ ನೋಡಿ. ನನ್ನ ಕಥೆಯ ಹೋಟೆಲ್ ಮಾಣಿ ಗಿರಾಕಿಗಳ ಹತ್ತಿರ ಮರಾಠಿ, ಅಡುಗೆಮನೆಯಲ್ಲಿ ತುಳು, ಮಗಳಿಗೆ ಕಾಗದ ಬರೆದರೆ ಕನ್ನಡ. ಅಮ್ಮ ತೀರಿಕೊಂಡ ಸುದ್ದಿ ಕೇಳಿದಾಗ ಅವನ ಬಾಯಿಂದ ಯಾವ ಭಾಷೆ ಬರಬೇಕು? ವಾರಗಟ್ಟಲೆ ಗೊತ್ತಾಗಿರಲಿಲ್ಲ. ಟ್ರೈನು ಥಾಣೆ ಸ್ಟೇಷನ್ ದಾಟುವಾಗ ಒಂದು ದಿನ ಹೊಳೆಯಿತು, ಅವನು ಮಾತೇ ಆಡುವುದಿಲ್ಲ, ಟೇಬಲ್ ಒರೆಸುತ್ತಲೇ ಇರುತ್ತಾನೆ. ಇಳಿದ ಕೂಡಲೇ ಪ್ಲಾಟ್‌ಫಾರಂನಲ್ಲಿ ನಿಂತು ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡೆ.

ಮೊದಲ ಅಧ್ಯಾಯ ತಿದ್ದಲು ಮಾತ್ರ ಈಗ ಹಿಂದೆ ಹೋಗಬೇಡಿ. ನಾನು ಹಾಗೆ ಎರಡು ತಿಂಗಳು ಕಳೆದುಕೊಂಡೆ. ತಪ್ಪು ಕಂಡರೆ ಚೀಟಿಯಲ್ಲಿ ಬರೆದಿಡಿ, ಮುಂದೆ ಸಾಗಿ.

ಡ್ರಾಫ್ಟ್ ಮುಗಿದ ಮೇಲೆ ಪ್ರಿಂಟ್ ತೆಗೆಸಿ, ಮನೆಯವರಿಗೆ ಗಟ್ಟಿಯಾಗಿ ಓದಿ ಹೇಳಿ. ಕೇಳುವವರು ಬೇಕಿದ್ದರೆ ನಾನಿದ್ದೇನೆ. ಭಾನುವಾರ ಸ್ಲೋ ಲೋಕಲ್ ಹಿಡಿದು ಮಾಟುಂಗಕ್ಕೆ ಬನ್ನಿ, ಫಿಲ್ಟರ್ ಕಾಫಿ ಕುಡಿಯುತ್ತಾ ಕೇಳುತ್ತೇನೆ.