ಪೆನ್‌ಡ್ರೈವಿನಲ್ಲಿ ಕಾಕಾನ ದನಿ: ಒಂದು ಆಪ್ತಸಲಹೆ ಪ್ರಕರಣ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಲಾಗಿದೆ.)

ಕಲಬುರಗಿಯಲ್ಲಿ ಪದವಿ ಓದುತ್ತ ಸಂಜೆ ಮೊಬೈಲ್ ಅಂಗಡಿಯಲ್ಲಿ ದುಡಿಯುವ ಆಳಂದ ತಾಲ್ಲೂಕಿನ ತರುಣರೊಬ್ಬರು, ನಿದ್ದೆ ಹತ್ತುತ್ತಿಲ್ಲ, ಅಂಗಡಿಗೆ ಹೋಗಲು ಮನಸ್ಸಾಗುತ್ತಿಲ್ಲ ಎಂದು ಬಂದಿದ್ದರು. ಅಂತರ್ಜಾಲದಿಂದ ಇಳಿಸಿದ ಹಾಡುಗಳನ್ನು ಟ್ರ್ಯಾಕ್ಟರ್, ಆಟೋ ಚಾಲಕರ ಪೆನ್‌ಡ್ರೈವಿಗೆ 50 ರೂಪಾಯಿ ಪಡೆದು ತುಂಬಿಕೊಡುವುದು ಅವರ ಕೆಲಸ. ಅಂಗಡಿಯ ಕಂಪ್ಯೂಟರಿನಲ್ಲಿ ‘ಭಜನಿ ಪದ’ ಎಂಬ ಫೋಲ್ಡರಿತ್ತು; ಅದರಲ್ಲಿ ಅವರ ಸ್ವಂತ ಕಾಕಾ ಹಾಡಿದ ತತ್ವಪದಗಳೂ ಇದ್ದವು, ಆದರೆ ಹಾಡಿದವರ ಹೆಸರಿರಬೇಕಾದ ಜಾಗದಲ್ಲಿ ಯಾವುದೋ ಜಾಲತಾಣದ ಹೆಸರಿತ್ತು. ಊರ ಜಾತ್ರೆಯಲ್ಲಿ ಕಾಕಾ, “ನನ್ನ ದನಿ ಎಲ್ಲಾರ ಟ್ರ್ಯಾಕ್ಟರಿನ್ಯಾಗ ಅದ, ನನ್ನ ಕಿಸೇದಾಗ ಏನೂ ಇಲ್ಲಪಾ” ಎಂದ ಮೇಲೆ ಇವರ ಸಂಕಟ ಶುರುವಾಗಿತ್ತು.

ಈ ಸಂಕಟವನ್ನು ನಾನು ಕಾಯಿಲೆಯೆಂದು ಎಣಿಸಲಿಲ್ಲ. ಮನಸ್ಸು ಸರಿಯಾದ ಕಡೆಗೇ ಬೊಟ್ಟು ಮಾಡುತ್ತಿತ್ತು. ಅದಕ್ಕೆ ಅಂಟಿಕೊಂಡಿದ್ದ ಜೈಲಿನ ಭಯವನ್ನು ಮಾತ್ರ ಬಿಡಿಸಬೇಕಿತ್ತು.

“ಕಡಕೋಳ ಮಡಿವಾಳಪ್ಪನವರ ಪದಕ್ಕೆ ಮಾಲೀಕರು ಯಾರು ಸರ್?” ಎಂದು ಅವರು ಕೇಳಿದರು. ಪ್ರಶ್ನೆ ನ್ಯಾಯವಾದದ್ದೇ. ಹಳೆಗಾಲದ ಆ ತತ್ವಪದಕಾರರ ಪದಗಳು ಎಲ್ಲರವು, ಯಾರು ಬೇಕಾದರೂ ಹಾಡಬಹುದು. ಆದರೆ ಕಾಕಾ ದಮ್ಮು ಕಟ್ಟಿ ಹಾಡಿದ ಧ್ವನಿಮುದ್ರಣ ಬೇರೆಯೇ ವಸ್ತು. 1957ರ ಕೃತಿಸ್ವಾಮ್ಯ ಕಾಯ್ದೆ ಅದಕ್ಕೆ 60 ವರ್ಷಗಳ ರಕ್ಷಣೆ ಕೊಟ್ಟಿದೆ, ಹಾಡಿದವರಿಗೂ ಪ್ರತ್ಯೇಕ ಹಕ್ಕಿದೆ. ಹಾಡಿನ ದುಡ್ಡು ಹೇಗೂ ಕ್ಯಾಸೆಟ್ ಕಂಪನಿಗೇ ಹೋಗುತ್ತದಲ್ಲ ಎಂಬ ಅವರ ಇನ್ನೊಂದು ಮಾತಿನಲ್ಲಿ ಸತ್ಯಾಂಶವಿದೆ. ಗೀತರಚನಕಾರರ ಮತ್ತು ಸಂಗೀತ ಸಂಯೋಜಕರ ರಾಯಧನದ ಪಾಲನ್ನು ಭದ್ರಪಡಿಸಲು 2012ರಲ್ಲಿ ಕಾಯ್ದೆಯನ್ನೇ ತಿದ್ದಬೇಕಾಯಿತು. ಹಾಗೆಂದು, ಕಂಪನಿ ಕಲಾವಿದರಿಗೆ ಕಡಿಮೆ ಕೊಟ್ಟಿದೆಯೆಂಬ ಕಾರಣಕ್ಕೆ ನಾವು ಏನೂ ಕೊಡದಿರುವುದು ಅವರ ಪರ ನಿಂತಂತಾಗುವುದಿಲ್ಲ.

ಸ್ವಂತಕ್ಕೆ ಕೇಳುವುದು ಮತ್ತು ಹಣಕ್ಕೆ ಮಾರುವುದು ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ ಎಂದೆ. ಖಾಸಗಿ ಬಳಕೆಗೆ ಕಾನೂನು ಮಿತವಾದ ವಿನಾಯಿತಿ ಕೊಟ್ಟಿದೆ; ಹಣ ಪಡೆದು ಪ್ರತಿ ಮಾಡಿಕೊಡುವುದು ಅದರೊಳಗೆ ಬರುವುದಿಲ್ಲ, ತಿಳಿದೂ ಮಾಡಿದರೆ 3 ವರ್ಷದವರೆಗೆ ಶಿಕ್ಷೆಯಾಗಬಹುದು. ಆದ್ದರಿಂದ ತುಂಬಿಕೊಡುವುದನ್ನು ಇಂದೇ ನಿಲ್ಲಿಸಿ, ಕೆಲಸ ಬಿಡುವ ಅವಸರ ಬೇಡ. ಗಿರಾಕಿಗೆ ಕಲಾವಿದರ ಅಧಿಕೃತ ಚಾನೆಲ್ ತೋರಿಸಿಕೊಡಿ ಎಂದು ಸಲಹೆ ನೀಡಿದೆ. ಎಲ್ಲಕ್ಕಿಂತ ಮೊದಲು ಕಾಕಾನ ಎದುರು ಕುಳಿತು ನಡೆದದ್ದನ್ನು ತಾವೇ ಹೇಳಬೇಕು, ಕ್ಷಮೆ ಕೇಳಿದರೆ ಸಾಲದು, ಮುಂದೆ ಅವರ ದನಿಯಿಂದ ಅವರಿಗೇ ದುಡ್ಡು ಬರುವ ದಾರಿ ಹುಡುಕಬೇಕು ಎಂದೆ.

ಎರಡನೆಯ ಭೇಟಿಗೆ ಅವರು ಕಾಕಾನ ಜೊತೆಯಲ್ಲೇ ಬಂದರು. ಕ್ಯಾಸೆಟ್ ಕಂಪನಿಗೆ ಸಹಿ ಮಾಡಿಕೊಟ್ಟ ಕಾಗದ ಕಾಕಾನ ಬಳಿಯಿತ್ತು. ಹಕ್ಕುಗಳನ್ನು ಅದರಲ್ಲಿ ಪೂರ್ತಿ ಬಿಟ್ಟುಕೊಟ್ಟಿದ್ದಾರೆಯೇ ಎಂದು ತಿಳಿಯದೆ ಹಳೆಯ ಮುದ್ರಣವನ್ನು ಅಂತರ್ಜಾಲಕ್ಕೆ ಏರಿಸಬಾರದೆಂದು ಹೇಳಿ, ಉಚಿತ ಕಾನೂನು ನೆರವಿಗಾಗಿ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಕಳಿಸಿದೆ. ಆ ಕಾಗದ ಅಡ್ಡಬರದಿದ್ದರೆ ಅವೇ ಪದಗಳನ್ನು ಹೊಸದಾಗಿ ಹಾಡಿಸಿ, ಕಾಕಾನ ಹೆಸರಿನಲ್ಲೇ ಚಾನೆಲ್ ತೆರೆಯುವ ಹೊಣೆಯನ್ನು ತರುಣರು ಹೊತ್ತಿದ್ದಾರೆ. ಹಾಡು ತುಂಬಿಕೊಡುವುದನ್ನು ನಿಲ್ಲಿಸಲು ಅಂಗಡಿಯ ಮಾಲೀಕರು ಇನ್ನೂ ಒಪ್ಪಿಲ್ಲ. ಒಪ್ಪದಿದ್ದರೆ ಪರೀಕ್ಷೆ ಮುಗಿಯುವವರೆಗೆ ರಿಪೇರಿ ಕೆಲಸ ಮಾತ್ರ ಮಾಡಿ, ಆಮೇಲೆ ಬೇರೆ ಕಡೆ ಕೆಲಸ ನೋಡಿಕೊಳ್ಳುವುದೆಂದು ಮಾತಾಗಿದೆ.