ಯುವಿ ಹಿಡಿದರೂ ಕೆಂಪು ಕಾಲೊನಿ ಬರಲಿಲ್ಲ ಎಂದ ಮೇಡಂಗೆ

ಮೇಡಂ, ಮ್ಯುಟೇಶನ್ (ಜೀನಿನ ಅಕ್ಷರ ತಪ್ಪುವುದು) ಬರಿಸಲು ಬೇಕರಿ ಯೀಸ್ಟಿಗೆ ಯುವಿ (ಅತಿನೇರಳೆ) ಬೆಳಕು ಹಿಡಿದಿರಿ, ಅರ್ಧಕ್ಕರ್ಧ ಸತ್ತವು, ಆದರೂ ಒಂದೂ ಕೆಂಪು ಕಾಲೊನಿ (ಒಂದೇ ಕೋಶದಿಂದ ಬೆಳೆದ ಗುಂಪು) ಬರಲಿಲ್ಲ, ದೀಪ ಬದಲಿಸಲೇ ಅಂತ ಕೇಳಿದ್ದೀರಿ. ಬದಲಿಸಬೇಡಿ. ಅರ್ಧ ಸತ್ತಿವೆ ಅಂದಮೇಲೆ ದೀಪ ಸರಿಯಾಗೇ ಇದೆ.

ತೊಡಕು ಯೀಸ್ಟಿನದು. ಕೆಂಪು ಬರುವುದು ಅಡಿನೀನ್ (ಡಿಎನ್‌ಎಯ 'ಎ' ಅಕ್ಷರ) ತಯಾರಿಸಲು ಬೇಕಾದ ಎಡಿಇ1 ಅಥವಾ ಎಡಿಇ2 ಜೀನ್ ಕೆಟ್ಟಾಗ. ಅಂಗಡಿ ಯೀಸ್ಟಿನಲ್ಲಿ ಸಾಮಾನ್ಯವಾಗಿ ಪ್ರತಿ ಜೀನಿಗೂ ಎರಡೋ ಹೆಚ್ಚೋ ಪ್ರತಿಗಳಿರುತ್ತವೆ. ಒಂದು ಕೆಟ್ಟರೂ ಇನ್ನೊಂದು ಕೆಲಸ ನಡೆಸಿಕೊಂಡು ಹೋಗುತ್ತದೆ. ನಿಮಗೆ ಬೇಕಾದದ್ದು ಹ್ಯಾಪ್ಲಾಯ್ಡ್ ಸ್ಟ್ರೇನ್, ಅಂದರೆ ಪ್ರತಿ ಜೀನಿಗೂ ಒಂದೇ ಪ್ರತಿ ಇರುವ ತಳಿ. ಯೀಸ್ಟ್ ಬೆಳೆಸುವ ಮೀಡಿಯಂನಲ್ಲಿ ಅಡಿನೀನ್ ಜಾಸ್ತಿ ಇದ್ದರೂ ಬಣ್ಣ ಏರುವುದಿಲ್ಲ.

ಇನ್ನು "ಜೀನ್‌ಗೂ ಇದಕ್ಕೂ ಏನು ಸಂಬಂಧ" ಅಂದಿರಲ್ಲ, ಇರುವುದೆಲ್ಲ ಅಲ್ಲೇ. 254 ನ್ಯಾನೊಮೀಟರ್ ಬೆಳಕು ಡಿಎನ್‌ಎಯಲ್ಲಿ ಅಕ್ಕಪಕ್ಕದ ಟಿ, ಸಿ ಅಕ್ಷರಗಳನ್ನು ಬೆಸೆದು ಗಂಟು ಹಾಕುತ್ತದೆ. ರ‍್ಯಾಡ್1, ರ‍್ಯಾಡ್2, ರ‍್ಯಾಡ್4 ಮುಂತಾದವು ಗಂಟನ್ನು ಕತ್ತರಿಸಿ ತೆಗೆದು ಜಾಗ ತುಂಬುವ ಪ್ರೋಟೀನುಗಳ ತಂಡ. ರ‍್ಯಾಡ್1 ಕೆಟ್ಟ ಯೀಸ್ಟ್ ಚೂರು ಡೋಸಿಗೇ ರಾಶಿರಾಶಿ ಸಾಯುತ್ತದೆ, ಉಳಿದವುಗಳಲ್ಲಿ ಮ್ಯುಟೇಶನ್ನೂ ಹೆಚ್ಚು.

ಕತ್ತರಿಸುವ ಮೊದಲೇ ಡಿಎನ್‌ಎ ನಕಲು ಶುರುವಾದರೆ ನಕಲು ಮಾಡುವ ಮಾಮೂಲಿ ಕಿಣ್ವ ಪಾಲಿಮರೇಸ್ ಗಂಟಿನ ಮುಂದೆ ನಿಂತುಬಿಡುತ್ತದೆ. ಆಗ ರ‍್ಯಾಡ್6, ರ‍್ಯಾಡ್18 ಕಡೆಯಿಂದ ಗಂಟು ದಾಟಿಸಬಲ್ಲ ಬೇರೆ ಪಾಲಿಮರೇಸ್‌ಗಳಿಗೆ ಕರೆ ಹೋಗುತ್ತದೆ. ರ‍್ಯಾಡ್30 ಬಂದರೆ ಟಿಟಿ ಗಂಟಿನೆದುರು ಸರಿಯಾಗಿ ಎರಡು 'ಎ' ಇಟ್ಟು ದಾಟಿಸುತ್ತದೆ. (ಮನುಷ್ಯರಲ್ಲಿ ಇದರ ಜೋಡಿ ಜೀನ್ ಕೆಟ್ಟರೆ ಬಿಸಿಲಿಗೆ ಚರ್ಮದ ಕ್ಯಾನ್ಸರ್ ತರುವ ಒಂದು ಬಗೆಯ ಜೆರೊಡರ್ಮಾ ಪಿಗ್ಮೆಂಟೋಸಮ್ ಕಾಯಿಲೆ.) ರೆವ್1, ರೆವ್3, ರೆವ್7 ಬಂದರೆ ಹೇಗೋ ದಾಟಿಸುತ್ತವೆ, ಅಕ್ಷರ ತಪ್ಪುವುದು ಅಲ್ಲಿ. ರೆವ್3 ತೆಗೆದುಹಾಕಿದರೆ ಯುವಿ ಮ್ಯುಟೇಶನ್ ಬಹುಪಾಲು ಮಾಯ. ಸಾವು ಮಾತ್ರ ಸ್ವಲ್ಪವೇ ಹೆಚ್ಚುತ್ತದೆ. ಹಾಗಾಗಿ ಸತ್ತವುಗಳ ಲೆಕ್ಕದಿಂದ ಮ್ಯುಟೇಶನ್ ಊಹಿಸಬೇಡಿ.

ಒಂದು ಸಲ ನನ್ನ ಎರಡು ಬ್ಯಾಚ್ ತಾಳೆಯೇ ಆಗಲಿಲ್ಲ. ಆಮೇಲೆ ನೋಡಿದರೆ ಒಂದನ್ನು ಕಿಟಕಿ ಪಕ್ಕ ಇಟ್ಟಿದ್ದೆ! ಪಿಎಚ್‌ಆರ್1 ಜೀನಿನ ಫೋಟೊಲಯೇಸ್ ಎಂಬ ಕಿಣ್ವ ನೀಲಿ ಬೆಳಕು ಸಿಕ್ಕರೆ ಸಾಕು, ಗಂಟು ಬಿಚ್ಚಿಬಿಡುತ್ತದೆ. ಹಳದಿ ಬಲ್ಬಿನಲ್ಲಿ ಕೆಲಸ ಮಾಡಿ, ಪ್ಲೇಟುಗಳನ್ನು ಕೂಡಲೇ ಕಪ್ಪು ಕಾಗದದಲ್ಲಿ ಸುತ್ತಿಡಿ.

ಯುವಿ ಹಿಡಿಯುವಾಗ ಪ್ಲೇಟಿನ ಮುಚ್ಚಳ ತೆಗೆಯಿರಿ, ಪ್ಲಾಸ್ಟಿಕ್ ಯುವಿ ತಡೆಯುತ್ತದೆ. ಯೀಸ್ಟನ್ನು ಕಲಕುವುದು ಸ್ಟೆರೈಲ್ ನೀರಿನಲ್ಲಿ, ಬ್ರಾತ್‌ನಲ್ಲಿ ಬೇಡ. ಕಣ್ಣಿಗೆ ಯುವಿ ತಡೆಯುವ ಕನ್ನಡಕ, ಕೈಗೆ ಗ್ಲೌಸ್ ಹಾಕದೆ ಮಕ್ಕಳನ್ನು ಹತ್ತಿರ ಬಿಡಬೇಡಿ. ಯುವಿ ತೋರಿಸದ ಪ್ಲೇಟೂ ಇರಲಿ, ಮ್ಯುಟೆಂಟ್‌ಗಳನ್ನು ಬದುಕುಳಿದವುಗಳಿಂದ ಭಾಗಿಸಿ. ಕೆಂಪು ಹುಡುಕಲು ಸಾವಿರಾರು ಕಾಲೊನಿ ನೋಡಬೇಕಾದೀತು. ಕ್ಯಾನಾವನಿನ್ ಎಂಬ ವಿಷ ಸಿಕ್ಕರೆ ಅರ್ಜಿನೀನ್ (ಒಂದು ಅಮೈನೊ ಆಮ್ಲ) ಇಲ್ಲದ ಮೀಡಿಯಂಗೆ ಹಾಕಿ, ಆ ವಿಷವನ್ನು ಒಳಗೆ ಬಿಡುವ ಕ್ಯಾನ್1 ಜೀನ್ ಕೆಟ್ಟವು ಮಾತ್ರ ಬೆಳೆಯುತ್ತವೆ, ಎಣಿಸುವುದು ಸಲೀಸು.